ನೂರಕ್ಕೆ ಹನ್ನೊಂದು

ಇಂಗ್ಲಿಷರ ನಾಡಿನ ಫೆಲ್ಥಮ್‌ನ ಶಾಲೆಯವರು ಇಂಡಿಯನ್ ಮುಖ ನೋಡಿಯೇ ನನ್ನ ಮಗಳು ಮಾಳವಿಕಾಳನ್ನು ಗಣಿತದ ಜಾಣರ ಗುಂಪಿಗೆ ಹಾಕಿದ್ದರು. ಪಾಠ ತಲೆಗೆ ಹತ್ತದೆ ಹುಡುಗಿ ದಿನಾ ಅಳುತ್ತಿದ್ದಳು. ಅವಳನ್ನು ಕರೆದುಕೊಂಡು ನಾನೂ ಹೆಂಡತಿ ವತ್ಸಲಾಳೂ ಮೇಡಂ ಹತ್ತಿರ ಹೋದೆವು.

“ಇವಳನ್ನ ಕೆಳಗಿನ ಗುಂಪಿಗೆ ಹಾಕಿ,” ಎಂದೆ.

ಮೇಡಂ ನಕ್ಕರು. “ನಿಮ್ಮವರಿಗೆ ಗಣಿತ ರಕ್ತದಲ್ಲೇ ಇರುತ್ತೆ. ನಿಮಗೆ ವಿನಯ ಜಾಸ್ತಿ.”

ವಿನಯವಂತೆ! ಜೊತೆಗೆ ತಂದಿದ್ದ ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದೆ. ಗಣಿತದಲ್ಲಿ ನೂರಕ್ಕೆ ಹನ್ನೊಂದು. “ನೋಡ್ರೀ, ಈ ರಕ್ತದಲ್ಲಿ ಎಷ್ಟಿದೆ ಅಂತ!”

ಮೇಡಂ ಆಸೆಯಿಂದ ವತ್ಸಲಾಳತ್ತ ತಿರುಗಿದರು. “ತಾಯಿ ಕಡೆಯಿಂದ ಬಂದಿರಬಹುದಲ್ಲ?”

ಹದಿನೈದು ವರ್ಷದಿಂದ ನನ್ನ ಹನ್ನೊಂದನ್ನು ಆಡಿಕೊಂಡು, ತಾನು ಫಸ್ಟ್ ಕ್ಲಾಸ್ ಎನ್ನುತ್ತಿದ್ದ ವತ್ಸಲಾ ಮಗಳ ಮುಖ ನೋಡಿದಳು. ಆಮೇಲೆ ಬ್ಯಾಗಿನಿಂದ ಮೆಲ್ಲಗೆ ತನ್ನ ಅಂಕಪಟ್ಟಿ ತೆಗೆದಳು.

ಒಂಬತ್ತು.

ಮಗಳ ಗುಂಪು ಅಲ್ಲೇ ಬದಲಾಯಿತು.