ಕೆನ್ನೆಯೊಳಗಿನ ಚಿನ್ನದ ಸೂಜಿ

ಕಲ್ಸೋಮ್ ಅವರ ಎಡಗೆನ್ನೆ ಊದಿ ಕಣ್ಣನ್ನು ಅರ್ಧ ಮುಚ್ಚಿತ್ತು. ಲವಂಗದೆಣ್ಣೆ ಹಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು. ಮೀನಿನ ಹಪ್ಪಳ ಕರಿಯುವ ಒಲೆಯ ಮುಂದೆ ಕೂರಲೂ ಆಗದಿದ್ದಾಗ ಸೊಸೆ ನೊರಿಯಾ ಅವರನ್ನು ತೆರೆಂಗಾನು ಪೇಟೆಯ ಹಲ್ಲಿನ ಆಸ್ಪತ್ರೆಗೆ ಎಳೆದು ತಂದಳು.

"ಕೀವು ಗಂಟಲಿಗಿಳಿದರೆ ಉಸಿರಾಟಕ್ಕೇ ಕುತ್ತು. ಯಾವ ಹಲ್ಲಿನ ಬೇರು ಅಂತ ಎಕ್ಸ್-ರೇಲಿ ನೋಡ್ಬೇಕು," ಎಂದರು ಡಾಕ್ಟರು.

"ನನ್ನ ಮುಖಾನ ಯಾವ ಮಿಷನ್ನಿಗೂ ಕೊಡಲ್ಲ. ಹಲ್ಲು ಕೀಳೋದಾದ್ರೆ ಕೀಳಿ, ಇಲ್ಲಾಂದ್ರೆ ನಾನು ಹೊರಟೆ!"

ಎಕ್ಸ್-ರೇ ತೆಗೆಯುವ ಹಸ್ನಾ ಗದರಲಿಲ್ಲ. ಒಂದು ಬಟ್ಟಲನ್ನು ಮುಂದಿಟ್ಟಳು. "ಓಲೆ, ಕನ್ನಡಕ, ಕಟ್ಟಿಸಿದ ಹಲ್ಲು, ತಲೆವಸ್ತ್ರದ ಪಿನ್ನು, ಎಲ್ಲ ಇದ್ರಲ್ಲಿ ಹಾಕಿ. ಲೋಹ ಇದ್ರೆ ಚಿತ್ರದಲ್ಲಿ ಬೆಳ್ಳಗೆ ಬಿದ್ದು ಬೇರನ್ನ ಮುಚ್ಚಿಬಿಡುತ್ತೆ. ತೆಗೆಯೋಕಾಗದ್ದು ಏನಾದ್ರೂ ಇದೆಯಾ, ಮಕ್?" ಎಂದು ಅಮ್ಮನನ್ನು ಕರೆಯುವ ಹಾಗೆ ಕರೆದು ಕೇಳಿದಳು.

ಕಲ್ಸೋಮ್ ಬಾಗಿಲ ಕಡೆ ನೋಡಿದರು. ಅಲ್ಲಿ ಸೊಸೆ ನಿಂತಿದ್ದಳು. ಅವಳ ಹಿಂದೆ ಬೆಂಚಿನ ಮೇಲೆ ಮಸೀದಿ ಬೀದಿಯ ಹೆಂಗಸರು.

ಹಸ್ನಾ ಸೊಸೆಯನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದಳು. "ಈಗ ಹೇಳಿ. ಇಲ್ಲಿ ಆಡಿದ್ದು ಹೊರಗೆ ಹೋಗಲ್ಲ."

"ವಯಸ್ಸಲ್ಲಿ ಕುಣೀತಿದ್ದೆ ಕಣಮ್ಮ. ಮುಖಕ್ಕೆ ಕಳೆ ಬರಲಿ ಅಂತ ಮಂತ್ರವಾದಿ ಕೆನ್ನೆಯೊಳಗೆ ಚಿನ್ನದ ಸೂಜಿ ಇಟ್ಟ. ಸುಸುಕ್ ಅಂತಾರೆ ಅದಕ್ಕೆ. ಗಂಡನಿಗೂ ಹೇಳ್ಲಿಲ್ಲ. ನಿನ್ನ ಮಿಷನ್ನು ಅದನ್ನ ಕಾಯಿಸಿ ಸುಡುತ್ತಂತೆ."

"ಸುಡಲ್ಲ, ಕದಲೋದೂ ಇಲ್ಲ. ಸಣ್ಣ ಗೆರೆ ಥರ ಕಾಣುತ್ತೆ, ಅಷ್ಟೆ. ಮೊದ್ಲೇ ಹೇಳಿದ್ರೆ ನಾವು ಗಾಬರಿಯಾಗಿ ಮತ್ತೆ ಮತ್ತೆ ಚಿತ್ರ ತೆಗೆಯೋದು ತಪ್ಪುತ್ತೆ."

"ಮಂತ್ರ ಮಾಡಿಸಿದ್ದು ಪಾಪ ಅನ್ನಲ್ವಾ ನೀನು?"

"ನಾನು ಹಲ್ಲು ನೋಡೋಳು, ಮಕ್. ಪಾಪದ ಲೆಕ್ಕ ಕೇಳೋನು ಬೇರೆ ಇದಾನೆ."

ಕಲ್ಸೋಮ್ ಓಲೆ, ಪಿನ್ನು ಬಟ್ಟಲಿಗೆ ಹಾಕಿ ಎದ್ದು ನಿಂತರು. ಹಸ್ನಾ ಹೇಳಿದಂತೆ ಯಂತ್ರದ ಕಡ್ಡಿ ಕಚ್ಚಿ, ನಾಲಿಗೆಯನ್ನು ಅಂಗುಳಕ್ಕೊತ್ತಿ, ಅಲುಗದೆ ನಿಂತರು. ಯಂತ್ರ ತಲೆಯ ಸುತ್ತ ಒಮ್ಮೆ ತಿರುಗಿ ನಿಂತಿತು. ಕೀವು ತುಂಬಿದ ಬೇರು ಸಿಕ್ಕಿತು.

ಹೊರಬಂದಾಗ ಬೆಂಚಿನಿಂದೊಂದು ದನಿ: "ಏನು ಮಕ್, ಬಾಗಿಲು ಹಾಕ್ಕೊಂಡು ಗುಟ್ಟು? ಮುಖದಲ್ಲೇನು ಸಿಕ್ತು?"

ಒಂದು ಗಳಿಗೆ ಕಲ್ಸೋಮ್ ನೆಲ ನೋಡಿದರು. ಆಮೇಲೆ ಊದಿದ ಕೆನ್ನೆಯನ್ನೇ ಮುಂದೆ ಮಾಡಿದರು.

"ಚಿನ್ನ ಸಿಕ್ತು ಕಣೆ! ನಿನ್ನ ಬಾಯಲ್ಲಿ ಹುಡುಕಿದ್ರೆ ಹುಳುಕು ಬಿಟ್ಟು ಬೇರೇನೂ ಸಿಗಲ್ಲ."

ನೊರಿಯಾ ನಕ್ಕುಬಿಟ್ಟು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದಳು. "ನನಗೆ ಮದುವೆಯಾದ ವರ್ಷವೇ ಗೊತ್ತಾಯ್ತು, ಮಕ್. ಸೂಜಿ ಇಟ್ಟೋರು ಕಡ್ಡಿಗೆ ಚುಚ್ಚಿ ಸುಟ್ಟ ಸಾತೆ ಮಾಂಸಾನ ಕಡ್ಡಿಯಿಂದಲೇ ಕಚ್ಚಿ ತಿನ್ನಬಾರದಂತಲ್ಲ. ನೀವು ಯಾವಾಗ್ಲೂ ತಟ್ಟೆಗೆ ಬಿಡಿಸ್ಕೊಂಡೇ ತಿಂತೀರಿ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ಮುಖ ನಿಮ್ಮದಲ್ವಾ?"

ಅಂದೇ ಡಾಕ್ಟರು ಕೀವು ತೆಗೆದು, ಹಲ್ಲು ಕಿತ್ತರು.

ಅಕ್ಕತಂಗಿಯರೇ, ಎಕ್ಸ್-ರೇ ಕೋಣೆಯಲ್ಲಿ ಬಾಗಿಲು ಹಾಕಿ ಎಂದು ಕೇಳುವುದು ನಿಮ್ಮ ಹಕ್ಕು. ಮೈಯಲ್ಲಿ ಲೋಹವಿದ್ದರೆ, ಗರ್ಭಿಣಿಯಾಗಿದ್ದರೆ, ಬಾಯಿಗೇನಾದರೂ ಇಟ್ಟರೆ ವಾಕರಿಕೆ ಬರುವುದಾದರೆ, ಮೊದಲೇ ಹೇಳಿ. ಅಲ್ಲಿ ಕೆಲಸ ಮಾಡುವವರೇ, ನೀವೂ ಬೈಯುವ ಮೊದಲು ಕೇಳಿ. ಬೀದಿ ಆಡಿಕೊಂಡರೆ ಆಡಿಕೊಳ್ಳಲಿ. ಕೀವು ಯಾರ ಮರ್ಯಾದೆಗೂ ಕಾಯುವುದಿಲ್ಲ.