ನಿಂತ ಹಸಿರು ಕಾಳು

ನಿಂತೇ ಬಿಟ್ಟಿತಲ್ಲ ಆ ಹಸಿರು ಕಾಳು, ಸೂಜಿ ಚುಚ್ಚಿದ್ದೇ ತಡ ಗಕ್ಕನೆ ನಿಂತಿತು, ಮೈಕ್ರೋಸ್ಕೋಪಿಗೆ ಒತ್ತಿದ ಕಣ್ಣನ್ನು ಅವಳು ಮಿಟುಕಿಸುತ್ತಲೂ ಇಲ್ಲ, ಈಗಷ್ಟೇ ಪಾಚಿಯ ಈ ಉದ್ದನೆಯ ಒಂಟಿ ಕೋಶದೊಳಗೆ ರಸ ಗೋಡೆಗುಂಟ ಸುತ್ತುತ್ತಿತ್ತು, ಈ ಬದಿಯಲ್ಲಿ ಹೋಗಿ ಆ ಬದಿಯಲ್ಲಿ ಬಂದು, ಉಳಿದ ಪತ್ರಹರಿತ್ತಿನ ಕಾಳುಗಳೆಲ್ಲ ಗೋಡೆಗೆ ಅಂಟಿ ಸಾಲಾಗಿ ಕೂತಿದ್ದರೆ ಇದೊಂದು ತುಂಟ ಸಾಲು ಬಿಟ್ಟು ರಸದ ಜೊತೆ ತಿರುಗಾಡುತ್ತಿತ್ತು — ಸತ್ತೋಯ್ತಮ್ಮ, ಇನ್ನೊಂದು ತಗೋ, ಅಂದರು ಬೆನ್ನ ಹಿಂದೆ ನಿಂತ ಪಿಎಚ್‌ಡಿ ಗೈಡು, ಇನ್ನೊಂದು ಎಲ್ಲಿದೆ ಸರ್, ತೊಟ್ಟಿಯ ಪಾಚಿಯೆಲ್ಲ ಕೊಳೆತು ಉಳಿದದ್ದು ಇದೊಂದೇ, ಇದು ಸತ್ತರೆ ನಾಳೆಯಿಂದ ಬೇರೆ ವಿಷಯ ಹಿಡಿ ಅಂದಿದ್ದಾರೆ, ಎರಡು ವರ್ಷದ ಕೆಲಸ ಮಣ್ಣುಪಾಲು, ಆದರೆ ಸತ್ತಿಲ್ಲ, ಸತ್ತಿರಲಾರದು, ಮೊನ್ನೆ ಮೊಟ್ಟೆಯ ಪ್ರೋಟೀನು ಚುಚ್ಚಿದಾಗಲೂ ಹೀಗೇ ನಿಂತಿತ್ತಲ್ಲ, ಹಾಳಾಗಿ ಹೋಗಲಿ ಎಂದು ಟೀ ಕುಡಿಯಲು ಹೋಗಿ ಬಂದು ನೋಡಿದರೆ ಏನೂ ಆಗದಂತೆ ಸುತ್ತುತ್ತಿತ್ತು, ಕೆಂಪು ಬಣ್ಣ ಹಚ್ಚಿದ ಆ ಹೊರಗಿನ ಪ್ರೋಟೀನನ್ನೆಲ್ಲ ಗುಡ್ಡೆ ಹಾಕಿ ಮೂಲೆಗೆ ತಳ್ಳಿತ್ತು, ಕರೆಯದೆ ಬಂದ ನೆಂಟರನ್ನು ಹೊರಕೋಣೆಯಲ್ಲೇ ಕೂರಿಸಿದ ಹಾಗೆ, ಅವಳು ಒಬ್ಬಳೇ ಗಟ್ಟಿಯಾಗಿ ನಕ್ಕಿದ್ದಳು, ಹಾಗಾದರೆ ಇಷ್ಟು ದಿನ ಸತ್ತವೆಂದು ಸಿಂಕಿಗೆ ಸುರಿದವೆಲ್ಲ, ಅಯ್ಯೋ, ಆದರೆ ಇವತ್ತಿನದು ಮೊಟ್ಟೆಯಲ್ಲ, ಅಣಬೆಯ ವಿಷ, ಪಾಚಿ ಇದನ್ನೂ ಅರಗಿಸಿಕೊಂಡರೆ, ದೇವರೇ, ಅರಗಿಸಿಕೊಂಡರೆ — ಕಾಳು ಮಾತ್ರ ಅಲ್ಲೇ.

ಅಮ್ಮ ಹೀಗೇ ನಿಂತಿದ್ದಳು, ತಂತಿಯ ಮೇಲಿನ ಟವೆಲಿನೊಳಗೆ ಕಣಜ ಕೂತಿತ್ತು, ಬೆರಳಿಗೆ ಚುಚ್ಚಿತು, ಅಮ್ಮ ಕಣ್ಣು ಮುಚ್ಚಿ ಕಂಬದ ಹಾಗೆ ನಿಂತುಬಿಟ್ಟಳು, ಉಸಿರೂ ಇಲ್ಲ, ಅಮ್ಮ ಸತ್ತೋದ್ಲು ಅಮ್ಮ ಸತ್ತೋದ್ಲು ಎಂದು ಪುಟ್ಟ ಹುಡುಗಿ ಇವಳು ಬೀದಿಯೆಲ್ಲ ಅರಚಿ ಪಕ್ಕದ ಮನೆಯವರನ್ನು ಎಳೆತಂದಳು, ಅಮ್ಮ ಒಂದು ಕಣ್ಣು ತೆರೆದು, ಸಾಯೋದ್ಯಾಕೆ ಕಣೇ, ನೋವು ಇಳೀಲಿ ಅಂತ ನಿಂತಿದ್ದೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಇವಳಿಗೆ ಮಾತ್ರ ಅಳು, ನಿಂತಿರೋದು ಅಂತ ಮೊದಲೇ ಹೇಳಬಾರದಾ ಅಮ್ಮ — ಸಾಕಮ್ಮ, ಪಕ್ಕದ ಲ್ಯಾಬಿನವರು ಮೈಕ್ರೋಸ್ಕೋಪಿಗೆ ಕಾಯ್ತಿದ್ದಾರೆ, ಗೈಡಿನ ಕೈ ದೀಪದ ಗುಂಡಿಗೆ ಬಂತು, ಅವಳು ತಲೆ ಎತ್ತದೆ ಆ ಕೈಯನ್ನು ಗಬಕ್ಕನೆ ಹಿಡಿದಳು, ಗೈಡಿನ ಕೈಯನ್ನೇ, ಆಮೇಲೆ ಬೈಸಿಕೊಂಡರಾಯಿತು, ಒಂದೇ ನಿಮಿಷ ಸರ್, ನೋವು ಇಳೀಲಿ, ಏನಿಳೀಲಿ ಅಂದರು ಅವರು, ಅವಳು ಕಣ್ಣನ್ನು ಇನ್ನಷ್ಟು ಒತ್ತಿದಳು, ಬಾರೋ ತುಂಟ, ಏಳೋ, ಸುತ್ತಲಿನ ರಸ ನಡುಗಿದ ಹಾಗಿದೆಯಲ್ಲ, ಅಥವಾ ತನ್ನದೇ ರೆಪ್ಪೆ ಅದುರಿತೋ, ಇಲ್ಲ, ರೆಪ್ಪೆಯಲ್ಲ, ಅಮ್ಮ ಒಂದು ಕಣ್ಣು ತೆರೆದು — ತಲೆಯೊಳಗೆ ಓಡುತ್ತಿದ್ದುದೆಲ್ಲ ಗಕ್ಕನೆ ನಿಂತಿತು, ಹಸಿರು ಕಾಳು, ಆ ಹಸಿರು ಕಾಳು, ಹೊರಟಿದೆ.