ಐವತ್ತನೆಯ ಓದುಗ

ಶಿವಶರಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಅಸಂಗಿಯ ವಾಚನಾಲಯವನ್ನು ಇಪ್ಪತ್ತೆರಡು ವರ್ಷ ಕಾಯ್ದವನ ಕೈಗೆ, ಅದನ್ನು ನಡೆಸುವ ಸಂಸ್ಥೆಯವರು ಇಂಥ ಕಾಗದ ಕೊಟ್ಟರೆ ಯಾರಿಗೆ ತಾನೇ ಸಿಟ್ಟು ಬಾರದು? ಈ ವರ್ಷ ಕನ್ನಡ ಪುಸ್ತಕ ಒಯ್ದವರು ಐವತ್ತು ಮಂದಿಯಾದರೂ ಇರಬೇಕಂತೆ. ಇಲ್ಲದಿದ್ದರೆ ಕನ್ನಡದ ಎರಡೂ ಕಪಾಟು ತಾಲೂಕು ಊರು ಜತ್ತಿಗೆ ಹೋಗುತ್ತವಂತೆ. ಮಾರ್ಚ್ ಮುಗಿಯಲು ನಾಲ್ಕೇ ದಿನ ಉಳಿದಿತ್ತು.

"ಐವತ್ತೇನ್, ಮುನ್ನೂರ ಸಲ ಒಯ್ದಾರ!" ಎನ್ನುತ್ತ ರಜಿಸ್ಟರ್ ಬಗಲಲ್ಲಿಟ್ಟುಕೊಂಡು ಪಂಚಾಯತಿಗೆ ನಡೆದ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ದೀಪಾಲಿ.

ಅವಳು ಮಧ್ಯಾಹ್ನದವರೆಗೆ ಕೂತು ಎಲ್ಲವನ್ನೂ ಎಕ್ಸೆಲ್ ಹಾಳೆಗೆ ಏರಿಸಿದಳು. ಒಂದು ಕಾಲಮ್ಮಿನಲ್ಲಿ ಹೆಸರು, ಪಕ್ಕದಲ್ಲಿ ಪುಸ್ತಕದ ಭಾಷೆ. ಕನ್ನಡದ ಸಾಲುಗಳೇ ಮುನ್ನೂರ ಆರು.

"ನೋಡಿದೇನ!" ಎಂದ ಶಿವಶರಣ.

"ತಡೀರಿ ಕಾಕಾ. ಒಬ್ಬರ ಹೆಸರ ಎಷ್ಟ ಸಲ ಬಂದ್ರೂ ಒಮ್ಮಿನ ಎಣಸಬೇಕ್ರಿ. ಅವರು ಕೇಳಿದ್ದು ಮಂದೀನ, ಪುಸ್ತಕ ಅಲ್ಲ." ಕನ್ನಡದ ಸಾಲುಗಳನ್ನಷ್ಟೇ ಸೋಸಿ, ಒಂದೊಂದು ಹೆಸರನ್ನು ಒಮ್ಮೆ ಮಾತ್ರ ಎಣಿಸುವಂತೆ ಸೂತ್ರ ಬರೆದು ಕೀಲಿ ಒತ್ತಿದಳು.

ಮೂವತ್ತೈದು.

"ನಿನ್ನ ಡಬ್ಬಿ ಕೆಟ್ಟೈತಿ!"

ದೀಪಾಲಿ ನಕ್ಕು ಹೆಸರಿನ ಪಟ್ಟಿ ತೋರಿಸಿದಳು. ಮಲಕಾಜಪ್ಪ, ನಲವತ್ತೊಂದು ಸಲ. ಅಯ್ಯೋ, ಆ ಮುತ್ಯಾ ಹೆಬ್ಬೆಟ್ಟು ಒತ್ತುವವನು! ಅದರ ಕೆಳಗೆ ಶಿವಶರಣ, ಇಪ್ಪತ್ತೇಳು ಸಲ. ಕಪಾಟಿನ ಧೂಳು ಜಾಡಿಸುವುದರಲ್ಲೇ ಆಯುಷ್ಯ ಕಳೆದವನು ಅವನು. ಪುಸ್ತಕವೊಂದನ್ನು ಬಿಡಿಸಿ ಓದಿದ್ದು ಯಾವ ಕಾಲದಲ್ಲೋ, ಅವನಿಗೇ ನೆನಪಿರಲಿಲ್ಲ.

ಆಗ ಅವನಿಗೆ ಹೊಳೆಯಿತು. ಪುಸ್ತಕ ಒಯ್ಯಲು ಬರುವವರು ಹೆಚ್ಚಾಗಿ ಹೆಂಗಸರು. ಗಂಡನ ಹೆಸರು, ಮಾವನ ಹೆಸರು ಅವರ ಬಾಯಲ್ಲಿ ಬರುವುದಿಲ್ಲ. "ನಮ್ಮ ಮನಿಯವರದ ಬರ್ಕೋರಿ" ಎಂದು ಸೆರಗು ಸರಿಮಾಡಿಕೊಂಡು ನಿಲ್ಲುತ್ತಾರೆ. ಇವನೋ ಊರನ್ನೆಲ್ಲ ಬಲ್ಲವನಂತೆ ಯಜಮಾನನ ಹೆಸರು ಬರೆದುಬಿಡುತ್ತಾನೆ. ನಿನ್ನ ಹೆಸರೇನವ್ವಾ ಎಂದು ಇಪ್ಪತ್ತೆರಡು ವರ್ಷದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಶಿವಶರಣನಿಗೆ ತುಂಬಾ ನಾಚಿಕೆಯಾಯಿತು.

ಮರುದಿನ ರಜಿಸ್ಟರ್ ಹಿಡಿದು ಮನೆಮನೆ ತಿರುಗಿದ. "ಸೊಸಿ ಓದ್ತಾಳ, ನಾ ಕೇಳ್ತೀನಿ. ನನ್ನ ಹೆಸರ ತಗೀಬ್ಯಾಡ ಮತ್ತ!" ಎಂದ ಮಲಕಾಜಪ್ಪ. ಸೊಸೆ ಬಾಗಿಲ ಹಿಂದಿನಿಂದ ಮೆಲ್ಲಗೆ "ತುಳಸವ್ವ" ಎಂದಳು. ನಾಲ್ಕನೆಯ ದಿನದ ಹೊತ್ತಿಗೆ ಹದಿನೈದು ಹೆಂಗಸರು ತಮ್ಮ ತಮ್ಮ ಹೆಸರಿನ ಕಾರ್ಡು ಮಾಡಿಸಿ ಒಂದೊಂದು ಕನ್ನಡ ಪುಸ್ತಕ ಒಯ್ದಿದ್ದರು. ಅವರಲ್ಲಿ ಕೊನೆಗೆ ಬಂದವಳು ಅವನ ಹೆಂಡತಿ ಗುರವ್ವ.

"ನನ್ನ ಹೆಸರರ ಗೊತ್ತೈತೇನ್ರಿ?" ಎಂದು ಚುಚ್ಚಿದಳು. ಅವನು ತಲೆ ಎತ್ತದೆ ಬರೆದುಕೊಂಡ.

ದೀಪಾಲಿ ಕೀಲಿ ಒತ್ತಿದಳು. "ಐವತ್ತ! ಗೆದ್ರಿ ಕಾಕಾ!"

ಶಿವಶರಣನ ಮುಖ ಅರಳಲಿಲ್ಲ. "ನನ್ನ ಹೆಸರಿನ ಇಪ್ಪತ್ತೇಳೂ ಗುರವ್ವನ ಹೆಸರಿಗೆ ಹಾಕವಾ. ಓದಿದಾಕಿ ಆಕಿ."

"ಹಂಗ ಮಾಡಿದ್ರ ನಿಮ್ಮ ಹೆಸರ ಹೋಗಿ ನಲವತ್ತೊಂಬತ್ತ ಆಗ್ತೈತ್ರಿ. ಯಾರ ನೋಡ್ತಾರ, ಬಿಡ್ರಿ."

"ಮಂದಿ ಮನೀದು ನನಗ ಗೊತ್ತಿಲ್ಲ. ನನ್ನ ಮನೀದು ಗೊತ್ತೈತಲ್ಲ."

ಅವಳು ಬದಲಿಸಿದಳು. ನಲವತ್ತೊಂಬತ್ತು. ವರದಿ ಕಳಿಸಲು ಒಂದೇ ತಾಸು ಉಳಿದಿತ್ತು. ಶಿವಶರಣ ದಾಪುಗಾಲಿಟ್ಟು ಮನೆಗೆ ಹೋದ. ಗುರವ್ವ ರೊಟ್ಟಿ ಬಡಿಯುತ್ತಿದ್ದಳು.

"ಏ, ನಮ್ಮ ಕಪಾಟಿನ್ಯಾಗ ಯಾವ ಪುಸ್ತಕ ಚಲೋ ಐತಿ?"

ಅವಳ ಕೈ ನಿಂತಿತು. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ಅವಳನ್ನು ಹೀಗೆ ಕೇಳಿದ್ದು ಇದೇ ಮೊದಲು. ಹಿಟ್ಟಿನ ಕೈ ಒರೆಸಿಕೊಂಡು ಎದ್ದಳು. "ಬರ್ರಿ, ಸಣ್ಣದ ಕೊಡ್ತೀನಿ. ನಿಮಗ ತಾಳ್ಮಿ ಕಮ್ಮಿ."

ವಾಚನಾಲಯದಲ್ಲಿ ಅವಳು ಹುಡುಕಿ ತೆಗೆದ ಪುಸ್ತಕವನ್ನು ಅವನು ತನ್ನ ಹೆಸರಿಗೆ ಬರೆದುಕೊಂಡ. ದೀಪಾಲಿಗೆ ಫೋನ್ ಮಾಡಿ ಹೇಳಿದ. ಐವತ್ತು ಎಂದು ವರದಿ ಹೋಯಿತು.

ಹೊತ್ತು ಮುಳುಗುತ್ತ ಬಂತು. ಗುರವ್ವ ಬೀಗ ಹಿಡಿದು ಬಾಗಿಲಲ್ಲಿ ನಿಂತಳು. "ರೊಟ್ಟಿ ಆರಾಕ ಹತ್ಯಾವ, ಏಳ್ರಿ ಇನ್ನ."

"ತಡೀ," ಎಂದ ಶಿವಶರಣ, ತಲೆ ಎತ್ತದೆ. "ಇನ್ನ ಎರಡ ಹಾಳಿ ಅದಾವ."